ತಾನೇ ಮಡಚಿಕೊಳ್ಳುವ ಹಾಳೆ: ಶ್ರಿಂಕ್ ಪ್ಲಾಸ್ಟಿಕ್ ತರಿಸಿ ನೋಡಿದೆ
ಕೀ ಚೈನ್ ಮಾಡಲು ಮಾರುವ ಶ್ರಿಂಕ್ ಪ್ಲಾಸ್ಟಿಕ್ ಹಾಳೆಗಳನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಲು ತರಿಸಿದೆ. ಹತ್ತು ಎ4 ಹಾಳೆಗೆ 420 ರೂಪಾಯಿ. ಚಿತ್ರ ಬಿಡಿಸಿ ಓವನ್‌ನಲ್ಲಿಟ್ಟರೆ ಕುಗ್ಗುತ್ತದೆ ಅಂತಷ್ಟೇ ಪ್ಯಾಕೆಟ್ ಮೇಲಿದೆ. ನನಗೆ ಬೇಕಿದ್ದದ್ದು ಬೇರೆ.

2011ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಮೈಕಲ್ ಡಿಕಿ ಮತ್ತು ಜೊತೆಗಾರರು ಇಂಥದೇ ಹಾಳೆ ಮೇಲೆ ಕಪ್ಪು ಗೆರೆ ಪ್ರಿಂಟ್ ಮಾಡಿ, ಬಿಸಿ ಸೂಸುವ ಇನ್‌ಫ್ರಾರೆಡ್ ದೀಪದ ಕೆಳಗೆ ಇಟ್ಟಿದ್ದರು. ಹಾಳೆ ತಾನಾಗಿ ಮಡಚಿಕೊಂಡಿತ್ತು. ಈ ಹಾಳೆ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್. ತಯಾರಿಸುವಾಗಲೇ ಕಾಯಿಸಿ, ಎಳೆದು, ಎಳೆದ ಹಾಗೇ ತಣಿಸಿರುತ್ತಾರೆ. ಬಿಸಿ ಸುಮಾರು 100 ಡಿಗ್ರಿ ದಾಟಿದರೆ ಮತ್ತೆ ಹಿಂದಿನ ಅಳತೆಗೆ ಹೋಗಲು ನೋಡುತ್ತದೆ. ಕಪ್ಪು ಗೆರೆ ಬೆಳಕನ್ನು ಜಾಸ್ತಿ ಹೀರುತ್ತದಲ್ವಾ? ಅಲ್ಲಿ ಮಾತ್ರ, ಅದೂ ದೀಪದ ಕಡೆಯ ಮೈ, ಹೆಚ್ಚು ಕುಗ್ಗುತ್ತದೆ. ಹಾಳೆ ದೀಪದ ಕಡೆಗೇ ಬಾಗುತ್ತದೆ.

ಅಮ್ಮನ ಬೆನ್ನುನೋವಿಗೆ ತಂದಿದ್ದ 250 ವ್ಯಾಟ್‌ನ ಕೆಂಪು ಇನ್‌ಫ್ರಾರೆಡ್ ದೀಪ ಮನೆಯಲ್ಲೇ ಇತ್ತು. ಮಡಚಿದರೆ ಡಬ್ಬಿಯಾಗುವಂತೆ ಆರು ಚೌಕಗಳ ಶಿಲುಬೆಯಾಕಾರ ಕತ್ತರಿಸಿ, ಮಡಿಕೆ ಬರಬೇಕಾದಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಎಳೆದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟರೆ ಏನೂ ಆಗಲಿಲ್ಲ. ಕಲ್ಲು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಹಳೆಯ ತವಾ ಬೆಚ್ಚಗೆ ಮಾಡಿ ಅದರ ಮೇಲಿಟ್ಟೆ. ಈ ಸಲ ಒಂದೊಂದೇ ಗೋಡೆ ಎದ್ದಿತು! ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. 1 ಮಿ.ಮೀ. ಅಗಲದ ಗೆರೆಯಿದ್ದಲ್ಲಿ ಗೋಡೆ ಅರ್ಧಕ್ಕೇ ನಿಂತಿತು, 2 ಮಿ.ಮೀ. ಗೆರೆ ಗೋಡೆಯನ್ನು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಿತು. ದೀಪ ಆರಿಸಲು ತಡವಾದ ಒಂದು ಹಾಳೆ ಮಾತ್ರ ಕೆಂಡದ ಮೇಲಿನ ಹಪ್ಪಳದಂತೆ ಪೂರ್ತಿ ಮುದುಡಿತು.

ಕ್ಲಾಸಿನಲ್ಲಿ ಮಾಡಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, "ಮಿಸ್, ಯಾರೂ ಮುಟ್ಟೇ ಇಲ್ಲ!" ಅಂದಳು. ಆಮೇಲೆ ಪಾಠ ಸುಲಭವಾಯಿತು. ಬೆಳಕು ಹೀರುವುದು ಅಂದರೇನು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಬೇಸರವಾದ ವಿಷಯ: ಹತ್ತರಲ್ಲಿ ಮೂರು ಹಾಳೆ ನುಣುಪಾಗಿದ್ದವು, ಮಸಿ ಹಿಡಿಯಲೇ ಇಲ್ಲ. ಗೆರೆ ನಡುವೆ ಬಿಟ್ಟುಹೋದರೆ ಡಬ್ಬಿ ಸೊಟ್ಟಗಾಗುತ್ತದೆ. ಹಾಗಾಗಿ ಒಂದು ಮೈ ತರಿಯಾಗಿರುವ, ಮ್ಯಾಟ್ ಹಾಳೆಯನ್ನೇ ಕೇಳಿ ತರಿಸಿ. ಕಿಟಕಿ ತೆರೆದಿಡಿ, ಸ್ವಲ್ಪ ವಾಸನೆ ಬರುತ್ತದೆ. ಆ ತವಾ ಮತ್ತೆ ರೊಟ್ಟಿಗೆ ಬೇಡ. ಪ್ರಿಂಟ್ ಹಾಕಿಸುವುದಾದರೆ ಇಂಕ್‌ಜೆಟ್‌ನಲ್ಲೇ ಹಾಕಿಸಿ. ಲೇಸರ್ ಪ್ರಿಂಟರ್‌ನ ಬಿಸಿಗೆ ಹಾಳೆ ಒಳಗೇ ಕುಗ್ಗಿ ಸಿಕ್ಕಿಕೊಳ್ಳುತ್ತದೆ.