ಬಣ್ಣದ ವೇಷ ಕಂಡರೆ ಕಕ್ಕಾಬಿಕ್ಕಿ: ಡಿಜಿಕ್ಯಾಮ್ ಜೊತೆ ಕೆಲವು ವರ್ಷ

ಮುಂಬಯಿಯಲ್ಲಿ ಮಳೆಗಾಲ ಅಂದರೆ ನಮಗೆ ಯಕ್ಷಗಾನದ ಸೀಸನ್. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಊರಿನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಇರಲಿ, ಕುರ್ಲಾದ ಬಂಟರ ಭವನ ಇರಲಿ, ಆಟ ಇದೆ ಅಂತ ಗೊತ್ತಾದರೆ ಡೊಂಬಿವಲಿಯಿಂದ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವ ಚಟ ನನ್ನದು. ಒಂದು ಆಟಕ್ಕೆ ನೂರಾರು ಫೋಟೋ ಸುಮ್ನೆ ಆಗಿಬಿಡುತ್ತವೆ. ಅದರ ಮೇಲೆ ಮನೆಯ ಫೋಟೋಗಳು, ವಾಟ್ಸಾಪ್‌ನಲ್ಲಿ ಬಂದವು, ಅಪ್ಪನ ಕಾಲದ ಪ್ರಿಂಟ್‌ಗಳ ಸ್ಕ್ಯಾನ್. ಎಲ್ಲ ಸೇರಿ ಲಕ್ಷ ದಾಟಿದೆ. ಇದನ್ನೆಲ್ಲ ಜೋಡಿಸಿಡಲು 2020ರ ಲಾಕ್‌ಡೌನ್ ಕಾಲದಿಂದ ಡಿಜಿಕ್ಯಾಮ್ ಬಳಸುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮುಕ್ತ ಸಾಫ್ಟ್‌ವೇರ್ ಕಟ್ಟುವ ಕೆಡಿಇ ಎಂಬ ಸಮುದಾಯದವರು ಮಾಡಿದ ಉಚಿತ, ಮುಕ್ತ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಜಾಹೀರಾತಿನ ಕಾಟವಿಲ್ಲ. ನಿಮ್ಮ ಡಿಸ್ಕ್‌ನಲ್ಲಿರುವ ಫೋಲ್ಡರ್‌ಗಳೇ ಇಲ್ಲಿ ಆಲ್ಬಮ್. ಹಾಗಾಗಿ ಒಂದು ಎಚ್ಚರ: ಇಲ್ಲಿ ಆಲ್ಬಮ್ ಅಳಿಸಿದರೆ ಡಿಸ್ಕ್‌ನ ಫೋಲ್ಡರೇ ಹೋಗುತ್ತದೆ.

ನಾನು ಇದಕ್ಕೆ ಅಂಟಿಕೊಂಡಿರುವುದು ಒಂದೇ ಕಾರಣಕ್ಕೆ. ನಾವು ಹಾಕಿದ ಹೆಸರು, ಟ್ಯಾಗ್, ಟಿಪ್ಪಣಿ ಎಲ್ಲವನ್ನೂ ಇದು ಫೋಟೋ ಫೈಲ್‌ನ ಒಳಗೇ ಬರೆದಿಡಬಲ್ಲದು. ಫೋಟೋ ಜೋಡಿಸಿಡುವ ಗೂಗಲ್‌ನ ಪಿಕಾಸಾ ನೆನಪಿದೆ ಅಲ್ವಾ? ಎಷ್ಟು ಜನ ಅದನ್ನೇ ನಂಬಿದ್ದರು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಬಿಟ್ಟಿಯಾಗಿ ತುಂಬಿಸುವ ಸೌಲಭ್ಯವೂ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಬಿಟ್ಟಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್‌ಗೂ ಪಾಲು. ಸಾಫ್ಟ್‌ವೇರ್ ಬರುತ್ತದೆ, ಹೋಗುತ್ತದೆ. ಡಿಜಿಕ್ಯಾಮ್ ಕೂಡ ಒಂದು ದಿನ ಹೋಗಬಹುದು. ಆದರೆ ಕೂತು ಟೈಪ್ ಮಾಡಿದ ಹೆಸರುಗಳು ಅದರ ಜೊತೆ ಹೋಗಬಾರದು.

ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು ಒಂದು ಕಪ್ಪುಬಿಳುಪು ಗ್ರೂಪ್ ಫೋಟೋದಿಂದ. ಅಪ್ಪ ಹಗಲು ಹೋಟೆಲ್‌ನಲ್ಲಿ ದುಡಿದು, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅವರ ತರಗತಿಯ ಫೋಟೋ ಅದು. ಮಳೆಗಾಲದ ತೇವಕ್ಕೆ ಒಂದು ಮೂಲೆ ಬೂಸ್ಟು ಹಿಡಿದಿದೆ. ಮೂರು ಸಾಲು ಹುಡುಗರು, ಎಲ್ಲರದ್ದೂ ಎಣ್ಣೆ ಹಚ್ಚಿ ಬಾಚಿದ ತಲೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಮುಖದ ಸುತ್ತ ಚೌಕ ಎಳೆದು ಹೆಸರು ಹಾಕುತ್ತಾ ಹೋದೆ. ‘ಇವನು ಕುಂದಾಪುರದವ, ಆಮೇಲೆ ಮುಲುಂಡ್‌ನಲ್ಲಿ ಸ್ವಂತ ಹೋಟೆಲ್ ಮಾಡಿದ.’ ಇಂಥ ಮಾತೆಲ್ಲ ಟಿಪ್ಪಣಿಗೆ ಹೋಯಿತು. ಹೆಸರು ನೆನಪಾಗದ ಹುಡುಗರಿಗೂ ‘ಕಾರ್ಕಳ ಕಡೆಯವ’, ‘ಗಣಿತದಲ್ಲಿ ಜೋರು’ ಅಂತ ಏನಾದರೊಂದು ಗುರುತು ಸಿಕ್ಕಿತು. ಆ ಫೈಲ್ ಅನ್ನು ತಮ್ಮನ ಕಂಪ್ಯೂಟರ್‌ಗೆ ಕಾಪಿ ಮಾಡಿದೆ. ಅವನಲ್ಲಿ ಡಿಜಿಕ್ಯಾಮ್ ಇಲ್ಲ. ವಿಂಡೋಸ್‌ನಲ್ಲಿ ಫೈಲ್‌ನ ಪ್ರಾಪರ್ಟೀಸ್ ತೆರೆದರೆ ಟ್ಯಾಗ್‌ಗಳು ಕನ್ನಡದಲ್ಲೇ ಕಂಡವು. ನನಗೆ ಬೇಕಿದ್ದದ್ದು ಅಷ್ಟೇ.

ಇನ್ನು ಮುಖ ಗುರುತಿಸುವ ಸೌಲಭ್ಯ. 2020ರಲ್ಲಿ ಬಂದ 7.0 ಆವೃತ್ತಿಯಿಂದ ಇದು ಡೀಪ್ ಲರ್ನಿಂಗ್ (ಉದಾಹರಣೆ ನೋಡಿ ಕಲಿಯುವ) ತಂತ್ರದಲ್ಲಿ ನಡೆಯುತ್ತದೆ. ಮೊದಲು ಒಂದಷ್ಟು ಡೇಟಾ ಇಳಿಸಿಕೊಳ್ಳುತ್ತದೆ, ಆಮೇಲೆ ಕೆಲಸವೆಲ್ಲ ನಮ್ಮ ಕಂಪ್ಯೂಟರ್‌ನಲ್ಲೇ. ಮನೆಯವರ ವಿಷಯದಲ್ಲಿ ಪರವಾಗಿಲ್ಲ. ಕೆಲವು ಫೋಟೋಗಳಿಗೆ ನಾವು ಹೆಸರು ಹೇಳಿಕೊಟ್ಟರೆ ಉಳಿದದ್ದನ್ನು ಊಹಿಸುತ್ತದೆ, ನಾವು ಹೌದು ಅಥವಾ ಅಲ್ಲ ಅನ್ನಬೇಕು. ಅಕ್ಕತಂಗಿಯರನ್ನು ಆಗಾಗ ಅದಲುಬದಲು ಮಾಡುತ್ತದೆ. ಅದು ನೆಂಟರಿಷ್ಟರೂ ಮಾಡುವ ತಪ್ಪೇ.

ಯಕ್ಷಗಾನದ ಮುಂದೆ ಮಾತ್ರ ಇದರ ಆಟ ನಡೆಯುವುದಿಲ್ಲ. ಬಣ್ಣದ ವೇಷದಲ್ಲಿ, ಅಂದರೆ ರಾಕ್ಷಸ ಪಾತ್ರದ ವೇಷದಲ್ಲಿ, ಮುಖದ ತುಂಬ ಚುಟ್ಟಿ (ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳು) ಇಟ್ಟ ಮಹಿಷಾಸುರನನ್ನು ಅದು ಮುಖ ಅಂತಲೇ ಒಪ್ಪುವುದಿಲ್ಲ. ಒಮ್ಮೊಮ್ಮೆ ಕಿರೀಟದ ನಡುವೆ ಎಲ್ಲೋ ಒಂದು ಚೌಕ ಹಾಕಿ ‘ಇದು ಯಾರು?’ ಅಂತ ಕೇಳುತ್ತದೆ. ಸ್ತ್ರೀವೇಷದ ಕಲಾವಿದರೊಬ್ಬರಿಗೆ ನನ್ನ ಅತ್ತಿಗೆಯ ಹೆಸರು ಸೂಚಿಸಿತ್ತು. ಅತ್ತಿಗೆಗೆ ಇದು ಖುಷಿಯ ವಿಷಯವೇ ಆಯಿತು ಬಿಡಿ. ಅದಕ್ಕೇ ವೇಷದ ಫೋಟೋಗಳಲ್ಲಿ ಮುಖದ ಗೊಡವೆಗೆ ಹೋಗುವುದಿಲ್ಲ. ಕಲಾವಿದರು, ಪಾತ್ರ, ಮೇಳ, ಜಾಗ ಅಂತ ಟ್ಯಾಗ್‌ಗಳ ನಾಲ್ಕು ಮರ ಮಾಡಿಕೊಂಡಿದ್ದೇನೆ. ಒಂದು ಟ್ಯಾಗ್‌ನ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇಡಬಹುದು. ಪಾತ್ರದ ಕೆಳಗೆ ಕೌರವ, ಕಲಾವಿದರ ಕೆಳಗೆ ಒಂದು ಹೆಸರು, ಎರಡನ್ನೂ ಒತ್ತಿದರೆ ಆ ಕಲಾವಿದರ ಎಲ್ಲ ವರ್ಷಗಳ ಕೌರವನೂ ಸಾಲಾಗಿ ಬಂದು ನಿಲ್ಲುತ್ತಾನೆ. ಮುಂಡಾಸು ಕಟ್ಟುವ ರೀತಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಅಂತ ನೋಡುತ್ತಾ ಅರ್ಧ ರಾತ್ರಿ ಕಳೆದದ್ದಿದೆ.

ಕನ್ನಡದಲ್ಲಿ ಟ್ಯಾಗ್ ಹಾಕುವವರು ಮೊದಲ ದಿನವೇ ಕಾಗುಣಿತ ಗಟ್ಟಿ ಮಾಡಿಕೊಳ್ಳಿ. ಚೆಂಡೆ ಅಂತ ಒಮ್ಮೆ, ಚಂಡೆ ಅಂತ ಇನ್ನೊಮ್ಮೆ ಬರೆದರೆ ಇದಕ್ಕೆ ಅವು ಬೇರೆಬೇರೆ ವಸ್ತು. ಡೊಂಬಿವಲಿ, ಡೊಂಬಿವಿಲಿ ಕಥೆಯೂ ಅದೇ. ಆಮೇಲೆ ಒಂದರ ಫೋಟೋಗಳನ್ನು ಇನ್ನೊಂದಕ್ಕೆ ಸೇರಿಸಬಹುದು, ಆದರೆ ಬೇಡದ ಕೆಲಸ.

ತಾರೀಕಿನ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಕ್ಯಾಮೆರಾ ಬರೆದ ತಾರೀಕು ಇರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಇರುತ್ತದೆ, ಯಾರು ಹಾಗೆ ಕಳಿಸುತ್ತಾರೆ? ಆಂಡ್ರಾಯ್ಡ್ ಫೋನ್‌ನಲ್ಲಿ ಫೈಲ್ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಸೇರಿರುತ್ತದೆ. ಡಿಜಿಕ್ಯಾಮ್ ಅದನ್ನು ಓದಿ ತಾರೀಕು ತುಂಬಿಸಬಲ್ಲದು. ಅದು ಫೋಟೋ ತೆಗೆದ ದಿನವಲ್ಲ, ಫೋನಿಗೆ ಬಂದ ದಿನ, ಅಷ್ಟು ನೆನಪಿರಲಿ. ಒಂದೇ ಆಟವನ್ನು ಇಬ್ಬರು ಎರಡು ಕ್ಯಾಮೆರಾದಲ್ಲಿ ತೆಗೆದಾಗ ಗಡಿಯಾರ ಹೊಂದದಿದ್ದರೆ, ಒಂದರ ಸಮಯವನ್ನು ಇಡೀ ಗುಂಪಿಗೆ ಒಟ್ಟಿಗೇ ಹಿಂದೆ ಮುಂದೆ ತಳ್ಳಬಹುದು. ಇಲ್ಲದಿದ್ದರೆ ಮಂಗಳ ಹಾಡಿದ ಮೇಲೆ ರಾಕ್ಷಸ ಪ್ರವೇಶ ಮಾಡುತ್ತಾನೆ!

ಕಿರಿಕಿರಿಗಳೂ ಇವೆ. ತೆರೆದ ತಕ್ಷಣ ಮೂರೂ ಕಡೆ ಬಟನ್‌ಗಳು, ಹೊಸಬರು ಗಾಬರಿಯಾಗುವುದು ಸಹಜ. ಸಂಗ್ರಹ ದೊಡ್ಡದಿದ್ದರೆ ಮೊದಲ ಸ್ಕ್ಯಾನ್ ತುಂಬಾ ನಿಧಾನ, ರಾತ್ರಿ ಹಾಕಿ ಮಲಗಿ. ಡಿಜಿಕ್ಯಾಮ್ ತನ್ನ ಲೆಕ್ಕ ಇಟ್ಟುಕೊಳ್ಳುವ ಡೇಟಾಬೇಸ್ ಕಂಪ್ಯೂಟರ್‌ನ ಎಸ್‌ಎಸ್‌ಡಿಯಲ್ಲಿ (ವೇಗದ ಡಿಸ್ಕ್) ಇರಲಿ, ಫೋಟೋಗಳು ಹೊರಗಿನ ಡಿಸ್ಕ್‌ನಲ್ಲಿದ್ದರೆ ತೊಂದರೆಯಿಲ್ಲ. ಸೆಟ್ಟಿಂಗ್‌ನ ಮೆಟಾಡೇಟಾ (ಹೆಸರು, ಟ್ಯಾಗ್, ತಾರೀಕಿನಂಥ ಮಾಹಿತಿ) ಪುಟದಲ್ಲಿ ಯಾವುದನ್ನೆಲ್ಲ ಫೈಲ್‌ಗೆ ಬರೆಯಬೇಕು ಅಂತ ಟಿಕ್ ಮಾಡಿದ್ದೀರಾ ನೋಡಿಕೊಳ್ಳಿ. ಟಿಕ್ ಇಲ್ಲದಿದ್ದರೆ ಎಲ್ಲ ಡೇಟಾಬೇಸ್‌ನಲ್ಲಷ್ಟೇ ಉಳಿಯುತ್ತದೆ. ಆಮೇಲೆ ನಾನು ಮೇಲೆ ಹೊಗಳಿದ್ದಕ್ಕೆಲ್ಲ ಅರ್ಥವೇ ಇಲ್ಲ. ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಫೋಟೋ) ಮತ್ತು ವಿಡಿಯೋಗಳಿಗೆ ಪಕ್ಕದಲ್ಲೇ ಟ್ಯಾಗ್, ಟಿಪ್ಪಣಿ ಬರೆದಿಡುವ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್ ಇಡುವಂತೆ ಹೇಳಬಹುದು, ಅದೇ ಕ್ಷೇಮ. ಟ್ಯಾಗ್ ಬರೆದಾಗ ಫೈಲೇ ಬದಲಾಗುವುದರಿಂದ ಬ್ಯಾಕಪ್‌ನಲ್ಲಿ ಆ ಫೈಲ್ ಮತ್ತೆ ಪೂರ್ತಿ ಕಾಪಿ ಆಗುತ್ತದೆ. ಅದಕ್ಕೇ ಟ್ಯಾಗ್ ಕೆಲಸ ಮುಗಿಸಿ ಆಮೇಲೆ ಬ್ಯಾಕಪ್ ಡಿಸ್ಕ್ ಚುಚ್ಚುತ್ತೇನೆ.

ಮೊಬೈಲ್ ಆಪ್ ಇಲ್ಲ. ಫೋನ್‌ನಲ್ಲೇ ತೆಗೆದು ಫೋನ್‌ನಲ್ಲೇ ನೋಡುವವರಿಗೆ ಇದು ಬೇಡವೇ ಬೇಡ. ನಮ್ಮ ಮನೆಯಲ್ಲೂ ನನ್ನ ಬಿಟ್ಟು ಯಾರೂ ಇದನ್ನು ತೆರೆಯುವುದಿಲ್ಲ. ಅವರಿಗೆ ಬೇಕಾದ ಫೋಟೋ ನಾನೇ ಹುಡುಕಿ ವಾಟ್ಸಾಪ್ ಮಾಡುತ್ತೇನೆ, ಅಲ್ಲಿಗೆ ಅದರ ಟ್ಯಾಗ್ ಎಲ್ಲ ಮತ್ತೆ ಮಾಯ. ಐದಕ್ಕೆ ನಾಲ್ಕು ಚುಕ್ಕಿ.