ಹತ್ತು ಲಕ್ಷದ ಸ್ಪೋರ್ಟ್ಸ್ ಕಾರಿಗೆ ಟೋಕನ್ ಕೊಡುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಲಕ್ಷಕ್ಕೆ ಜರ್ಮನ್ ಸ್ಪೋರ್ಟ್ಸ್ ಕಾರು ಸಿಗುತ್ತಿದೆ ಅಂತ ಯಾರಾದರೂ ಟೋಕನ್ ಕೊಡಲು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ಅವನು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ಎರಡು ಬಾಗಿಲಿನ ಟರ್ಬೊ ಪೆಟ್ರೋಲ್ ಕಾರು, ಹೊಸದಿದ್ದಾಗ ಐವತ್ತು ಲಕ್ಷದ ಹತ್ತಿರ. ಡೆಲ್ಲಿ ನಂಬರು. "ಸಿಂಗಲ್ ಓನರ್ ಸಾರ್, ಡಾಕ್ಟ್ರು ಓಡಿಸಿದ್ದು, ನಲವತ್ತೆರಡು ಸಾವಿರ ಕಿಲೋಮೀಟರು. ಎನ್‌ಒಸಿ ರೆಡಿ ಇದೆ" ಎಂದ ಡೀಲರ್. (ಎನ್‌ಒಸಿ ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ.) ಮೀಟರ್ ಅಷ್ಟೇ ತೋರಿಸುತ್ತಿತ್ತು, ಬಣ್ಣ ಮಿರಮಿರ ಮಿಂಚುತ್ತಿತ್ತು, ಎಂಜಿನ್ ನಯವಾಗಿ ಓಡುತ್ತಿತ್ತು.

ಡೆಲ್ಲಿ ಗಾಡಿ ಅಗ್ಗಕ್ಕೆ ಸಿಗಲು ಕಾರಣ ಇದೆ. ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರಲ್ಲಿ ಕೋರ್ಟ್ ಇದನ್ನು ಸಡಿಲಿಸುವವರೆಗೂ ಗಡುವು ಹತ್ತಿರ ಬಂದಂತೆಲ್ಲ ಅಲ್ಲಿ ಬೆಲೆ ಬೀಳುತ್ತಿತ್ತು, ಕಾರು ದಕ್ಷಿಣಕ್ಕೆ ಬರುತ್ತಿತ್ತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಎರಡು ಸಾವಿರ ಕಿಲೋಮೀಟರು ದೂರದಿಂದ ಬಂದ ಕಾರಿನ ಹಿಂದಿನ ಕತೆ ಗೊತ್ತಿರುವವರು ಇಲ್ಲಿ ಯಾರೂ ಇರುವುದಿಲ್ಲ. ಡೀಲರ್ ಹೇಳಿದ್ದೇ ಚರಿತ್ರೆ.

ಮೊದಲ ಪೆಟ್ಟು ಮರುದಿನ ಬೆಳಿಗ್ಗೆಯೇ ಬಿತ್ತು. ರಾತ್ರಿಯಿಡೀ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಒಂದು ಬದಿಯಿಂದ ಮೂರ್ನಾಲ್ಕು ಸೆಕೆಂಡು ಖಡಖಡ ಸದ್ದು, ಆಮೇಲೆ ನಿಶ್ಶಬ್ದ. ವಿಲ್ಸನ್ ಗಾರ್ಡನ್ ಕಡೆಯ ಪರಿಚಯದ ಮೆಕ್ಯಾನಿಕ್ ಕೇಳಿದವರೇ, "ಟೈಮಿಂಗ್ ಚೈನ್ ಸಡಿಲ ಆಗಿದೆ, ಇನ್ನು ಓಡಿಸಬೇಡಿ" ಎಂದರು. ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಈ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಅದು ಸವೆದಿದ್ದರೆ ತಣ್ಣಗಿರುವ ಎಂಜಿನ್ನಿನಲ್ಲಿ ಆಯಿಲ್ ಮೇಲೇರುವತನಕ ಮಾತ್ರ ಸದ್ದು ಬರುತ್ತದೆ. ಚೈನ್ ಹಲ್ಲು ಹಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಆಗ ನೆನಪಾಯಿತು: ನಾವು ಯಾರ್ಡಿಗೆ ಹೋದಾಗಲೆಲ್ಲ ಕಾರು ಮೊದಲೇ ಸ್ಟಾರ್ಟ್ ಆಗಿ, ಬಾನೆಟ್ ಬಿಸಿಯಾಗಿ ನಿಂತಿರುತ್ತಿತ್ತು. "ಎಸಿ ಹಾಕಿಟ್ಟಿದ್ದೀನಿ ಸಾರ್, ನಿಮಗೆ ಸೆಕೆ ಆಗ್ಬಾರ್ದು ಅಂತ" ಎನ್ನುತ್ತಿದ್ದ. ಅದು ಉಪಚಾರವಲ್ಲ, ವಂಚನೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮ ಕೈಯಿಂದಲೇ ಸ್ಟಾರ್ಟ್ ಮಾಡಲು ಬಿಡದ ಡೀಲರ್ ಹತ್ತಿರ ವ್ಯವಹಾರವೇ ಬೇಡ.

ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ಇನ್ನೊಂದು ಹೊರಬಿತ್ತು. ಮೀಟರಿನಲ್ಲಿ ನಲವತ್ತೆರಡು ಸಾವಿರ, ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ಟಿನಲ್ಲಿ ಒಂದು ಲಕ್ಷದ ಮೇಲೆ! ಇಂಥ ಕಾರುಗಳಲ್ಲಿ ಓಡಿದ ದೂರ ಒಂದಕ್ಕಿಂತ ಹೆಚ್ಚು ಕಡೆ ದಾಖಲಾಗಿರುತ್ತದೆ, ತಿದ್ದುವವರು ಎಲ್ಲ ಕಡೆ ತಿದ್ದಿರುವುದಿಲ್ಲ. ಹಳೆಯ ದೋಷಗಳ ಕೋಡುಗಳನ್ನು ಆಗಷ್ಟೇ ಅಳಿಸಿದ ಗುರುತೂ ಇತ್ತು. ಕೋಡ್ ಅಳಿಸಿದರೆ ಕಾರಿನ ಸ್ವಯಂಪರೀಕ್ಷೆಗಳು 'ನಾಟ್ ರೆಡಿ' ಎಂದು ತೋರಿಸುತ್ತವೆ, ಸಾಕಷ್ಟು ಓಡಿಸುವವರೆಗೂ ಅದು ಹೋಗುವುದಿಲ್ಲ. ಆದ್ದರಿಂದ ಕೊಳ್ಳುವ ಮುಂಚೆಯೇ, ಡೀಲರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಕೈಲಿ ಸ್ಕ್ಯಾನ್ ಮಾಡಿಸಿ. ಎರಡು ಮೂರು ಸಾವಿರ ಖರ್ಚಾದರೂ ಪರವಾಗಿಲ್ಲ.

ಚೈನ್ ಕೆಲಸಕ್ಕೆ ಅಂದಾಜು ಎರಡು ಲಕ್ಷ ದಾಟಿತು. ಕಾರಿನ ಬೆಲೆ ಹತ್ತಕ್ಕೆ ಇಳಿದಿರಬಹುದು, ಬಿಡಿಭಾಗಗಳು ಇವತ್ತಿಗೂ ಐವತ್ತು ಲಕ್ಷದ ಕಾರಿನ ಬಿಡಿಭಾಗಗಳೇ. ಜೆಸಿ ರಸ್ತೆಯಲ್ಲಿ ಮಾರುತಿಗೆ ಸಿಕ್ಕ ಹಾಗೆ ಇವಕ್ಕೆ ಸಿಗುವುದಿಲ್ಲ.

ಇನ್ನು ತೆರಿಗೆ. "ಐವತ್ತು ಅರವತ್ತು ಸಾವಿರ ಆಗ್ಬೋದು" ಎಂದಿದ್ದ ಡೀಲರ್. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಕಡಿತ ಇದೆ, ಆದರೆ ಲೆಕ್ಕ ಹಿಡಿಯುವುದು ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ. ನಮಗೆ ಮೂರು ಲಕ್ಷ ಮೀರಿತು.

ಅದನ್ನು ಕಟ್ಟಲಿಕ್ಕೂ ತಕ್ಷಣ ಆಗಲಿಲ್ಲ. 'ರೆಡಿ ಇದೆ' ಎಂದಿದ್ದ ಎನ್‌ಒಸಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಆರ್‌ಸಿಯಲ್ಲಿ ಹಿಂದಿನ ಮಾಲೀಕರ ಸಾಲದ ನಮೂದು ಹಾಗೇ ಇತ್ತು. ಫಾರಂ 35ಕ್ಕೆ ಸಾಲ ಕೊಟ್ಟ ಬ್ಯಾಂಕಿನ ಸಹಿ ಆಗಿ ಆ ನಮೂದು ಹೋಗದೆ, ಅಥವಾ ಬ್ಯಾಂಕಿನ ಒಪ್ಪಿಗೆ ಸಿಗದೆ, ಫಾರಂ 28ರ ಎನ್‌ಒಸಿ ಮುಂದೆ ಹೋಗುವುದಿಲ್ಲ. ಮಾಲೀಕರೂ ಒಬ್ಬರಲ್ಲ, ಮೂವರು. ಇವನ್ನೆಲ್ಲ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೀವೇ ನೋಡಬಹುದು. ಡೀಲರ್ ವಾಟ್ಸಾಪಿನಲ್ಲಿ ಕಳಿಸುವ ಆರ್‌ಸಿ ಫೋಟೊ ನಂಬಬೇಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು, ಇಲ್ಲವಾದರೆ ಗುದ್ದಿಸಿಕೊಂಡ ದಿನ ನಿಮ್ಮ ಕಾರಿನ ರಿಪೇರಿಗೆ ಬಿಡಿಗಾಸೂ ಸಿಗದೇ ಹೋಗಬಹುದು.

ನಮ್ಮದು ಮುಳುಗಿದ ಕಾರಲ್ಲ, ಅಷ್ಟಾದರೂ ಪುಣ್ಯ. 2015ರ ಚೆನ್ನೈ, 2018ರ ಕೇರಳ, 2022ರ ನಮ್ಮದೇ ಹೊರ ವರ್ತುಲ ರಸ್ತೆಯ ನೆರೆಯನ್ನು ನೆನಪಿಟ್ಟುಕೊಂಡು ನೋಡಿ. ಸೀಟ್‌ಬೆಲ್ಟನ್ನು ಕೊನೆವರೆಗೂ ಎಳೆಯಿರಿ, ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದ್ದರೆ ಅಲ್ಲಿಂದಲೇ ಹೊರಡಿ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ಕೂಡ ಸುಳ್ಳು ಹೇಳುವುದಿಲ್ಲ.

ವೇಗದ ಕಾರಿನ ಆಸೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದೇ ಬಜೆಟ್ಟಿನಲ್ಲಿ ಕೆಎ ನಂಬರಿನ, ಸರ್ವೀಸ್ ಬಿಲ್ಲುಗಳೆಲ್ಲ ಇರುವ ಪೋಲೊ ಜಿಟಿ ಟಿಎಸ್‌ಐ ಥರದ ಚಿಕ್ಕ ಟರ್ಬೊ ಕಾರು ನೋಡಿ ಎನ್ನುತ್ತೇನೆ, ಅದರ ಗೇರ್‌ಬಾಕ್ಸ್ ಪರೀಕ್ಷಿಸಿಯೇ. ಜರ್ಮನ್ ಸ್ಪೋರ್ಟ್ಸ್ ಕಾರೇ ಬೇಕು ಅಂದರೆ ಕೈಯಲ್ಲಿರುವ ದುಡ್ಡಿನ ಮೂರನೇ ಒಂದು ಭಾಗವನ್ನು ತೆರಿಗೆ, ರಿಪೇರಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಮಾತ್ರ ಕಾರು ಹುಡುಕಿ.

ಈಗಾಗಲೇ ಸಿಕ್ಕಿಬಿದ್ದವರು ಡೀಲರಿನ ಮೆಸೇಜು, ಟೋಕನ್ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಸ್ಕ್ಯಾನ್ ವರದಿ ಯಾವುದನ್ನೂ ಅಳಿಸಬೇಡಿ. ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದ ಗಡುವಿದೆ. ನನ್ನ ತಮ್ಮನ ದೂರು ಅಲ್ಲೇ ನಡೆಯುತ್ತಿದೆ.