ಗ್ರೋ ಬ್ಯಾಗ್ ಟೊಮೆಟೊಗೆ ಎರೆಗೊಬ್ಬರವೋ 19:19:19 ಪುಡಿಯೋ: 4 ವರ್ಷ ಎರಡನ್ನೂ ಬಳಸಿದ ಮೇಲೆ

ನಮ್ಮ ಟೆರೇಸ್ ಮೇಲೆ 22 ಗ್ರೋ ಬ್ಯಾಗ್ ಇವೆ. ಟೊಮೆಟೊ, ಬದನೆ, ಹಸಿಮೆಣಸಿನಕಾಯಿ, ಒಂದು ಬದಿಗೆ ಸೊಪ್ಪು. ಊರು ಬೆಂಗಳೂರು, ನೀರು ಬೋರ್‌ದು, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ನೀರು, ಬಿಸಿಲು ಬೇರೆಯಾಗಿದ್ದರೆ ನನ್ನ ಲೆಕ್ಕವೂ ನಿಮಗೆ ಸ್ವಲ್ಪ ಬದಲಾಗುತ್ತದೆ.

ಶುರು ಮಾಡಿದಾಗ 19:19:19ರಂಥ ಸೀಮೆಗೊಬ್ಬರ ಒಂದು ಚಿಟಿಕೆಯೂ ಬೇಡ ಅಂದುಕೊಂಡಿದ್ದೆ. ಮನೆಯವರು ತಿನ್ನುವ ತರಕಾರಿ, ಅದಕ್ಕೇ ಅಲ್ವಾ ಇಷ್ಟು ಕಷ್ಟಪಡುವುದು. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ. 15 ದಿನಕ್ಕೊಮ್ಮೆ ಜೀವಾಮೃತ. ಹೊಲಕ್ಕೆ 200 ಲೀಟರ್ ಡ್ರಮ್ಮಿನಲ್ಲಿ ಮಾಡುವುದನ್ನು 20 ಲೀಟರ್ ಬಕೆಟ್‌ಗೆ ಇಳಿಸಿಕೊಂಡಿದ್ದೆ: 1 ಕೆಜಿ ಸಗಣಿ, 1 ಲೀಟರ್ ಗಂಜಲ, ಬೆಲ್ಲ ಮತ್ತು ಕಡಲೆಹಿಟ್ಟು 200 ಗ್ರಾಂ ಒಂದೊಂದು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವಿದರೆ ಆಯಿತು.

ಸೊಪ್ಪಿಗೆ ಇದು ಸಾಕು. ದಂಟು, ಪಾಲಕ್, ಮೆಂತ್ಯ ಎಲ್ಲ ಚೆನ್ನಾಗಿ ಬಂತು, ಇವತ್ತಿಗೂ ಸೊಪ್ಪಿಗೆ ಬೇರೇನೂ ಹಾಕಿಲ್ಲ.

ಟೊಮೆಟೊ ಮಾತ್ರ ಕೈಕೊಟ್ಟಿತು. ಹೂ ಬಿಡುವವರೆಗೆ ಗಿಡ ಗಟ್ಟಿಯಾಗಿತ್ತು, ಎರಡನೇ ಗೊಂಚಲು ಕಾಯಿ ಕಟ್ಟುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾದವು, ನಾನು ಗಾಬರಿಯಾಗಿ ಮತ್ತೆ ಮತ್ತೆ ಎರೆಗೊಬ್ಬರ ಸುರಿದೆ, ಏನೂ ಆಗಲಿಲ್ಲ. ಕಾರಣ ಆಮೇಲೆ ಅರ್ಥವಾಯಿತು. ಎರೆಗೊಬ್ಬರದಲ್ಲಿ ಸಾರಜನಕ ಇರುವುದೇ ನೂರಕ್ಕೆ 1ರಿಂದ 2 ಭಾಗ. ಅದನ್ನೂ ಮಣ್ಣಿನ ಸೂಕ್ಷ್ಮಜೀವಿಗಳು ಒಡೆದು ನೈಟ್ರೇಟ್, ಅಮೋನಿಯಂ ಮಾಡಿಕೊಟ್ಟ ಮೇಲೆಯೇ ಬೇರು ಹೆಚ್ಚಾಗಿ ಎಳೆದುಕೊಳ್ಳುವುದು. ಹೊಲದಲ್ಲಿ ಬೇರು ಊಟ ಹುಡುಕಿಕೊಂಡು ದೂರ ಹೋಗುತ್ತದೆ. ಬ್ಯಾಗಿನಲ್ಲಿ ಎಲ್ಲಿಗೆ ಹೋಗಬೇಕು? ಮಧ್ಯಾಹ್ನ ಆ ಕಪ್ಪು ಬ್ಯಾಗ್ ಮುಟ್ಟಿ ನೋಡಿ, ಕೈ ಸುಡುತ್ತದೆ. ಅಷ್ಟು ಕಾವಿನಲ್ಲಿ ಆ ಜೀವಿಗಳು ಎಷ್ಟು ಕೆಲಸ ಮಾಡಿಯಾವು.

ಇನ್ನೊಂದು ಪೆಟ್ಟು ಬೇರು ತಿನ್ನುವ ಗೊಣ್ಣೆಹುಳದ್ದು. ಒಂದು ನರ್ಸರಿಯಿಂದ ಕೊಟ್ಟಿಗೆ ಗೊಬ್ಬರದ ಮೂಟೆ ತಂದಿದ್ದೆ, ಚೆನ್ನಾಗಿ ಕೊಳೆತಿದೆ ಅಂದಿದ್ದರು. ಒಂದು ತಿಂಗಳಿಗೆ ಬದನೆ ಗಿಡ ನೀರು ಹಾಕಿದರೂ ಬಾಡಿತು, ಕಿತ್ತರೆ ಬೇರೇ ಇಲ್ಲ, ಒಂದೇ ಬ್ಯಾಗಿನಲ್ಲಿ 11 ಹುಳು. ತುಂಬಾ ಬೇಜಾರಾಯಿತು. ಈಗ ಯಾವ ಗೊಬ್ಬರ ತಂದರೂ ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ, ಕೈಯಾಡಿಸಿ ನೋಡದೆ ಹಾಕುವುದಿಲ್ಲ.

ಎರಡನೇ ವರ್ಷ ಸಿಟ್ಟಿನಲ್ಲಿ ಪೂರ್ತಿ 19:19:19ಕ್ಕೆ ಹೋದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ನೂರಕ್ಕೆ 19 ಇರುವ, ನೀರಿನಲ್ಲಿ ಕರಗುವ ಪುಡಿ. ವಾರಕ್ಕೊಮ್ಮೆ ಲೀಟರಿಗೆ 2 ಗ್ರಾಂ. ಹತ್ತೇ ದಿನದಲ್ಲಿ ಎಲೆ ಹಸಿರಾಯಿತು, ನಿಜವಾಗಿ ಖುಷಿಯಾಯಿತು. ಆ ಖುಷಿಯಲ್ಲೇ 4 ಗ್ರಾಂ ಮಾಡಿದ್ದು ತಪ್ಪು. ಮೆಣಸಿನ ಗಿಡದ ಎಲೆ ಅಂಚು ಸುಟ್ಟಹಾಗಾಯಿತು, ಬ್ಯಾಗಿನ ಹೊರಗೆ ಬಿಳಿ ಉಪ್ಪು ಕೂತಿತು. ಬೋರ್ ನೀರಿನಲ್ಲಿ ಮೊದಲೇ ಉಪ್ಪಿದೆ, ಅದರ ಮೇಲೆ ಇದು. ಮೂರು ದಿನ ಬರೀ ಮಳೆನೀರು ಸುರಿದು ಕೆಳಗಿನ ತೂತಿನಿಂದ ಹರಿಸಿದ ಮೇಲೆ ಗಿಡ ಚೇತರಿಸಿಕೊಂಡಿತು.

ಟೊಮೆಟೊ ತಳ ಕಪ್ಪಾಗುವುದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ತಂದೆ, ಎರಡೂ ಪುಡಿ ಒಂದೇ ಮಗ್ಗಿನಲ್ಲಿ ಕಲಸಿದೆ, ನೀರು ಸುಣ್ಣದ ಹಾಗೆ ಬೆಳ್ಳಗಾಗಿ ತಳದಲ್ಲಿ ಗಸಿ ನಿಂತಿತು. ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಕರಗದ ವಸ್ತು ಆಗುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಬೇರೆ ಬೇರೆ ದಿನ ಹಾಕಿದರೂ ನನ್ನ ಕಾಯಿ ಕಪ್ಪಾಗುವುದು ನಿಲ್ಲಲಿಲ್ಲ. ನಿಂತಿದ್ದು ದಿನಾ ಒಂದೇ ಹೊತ್ತಿಗೆ ನೀರು ಹಾಕಲು ಶುರು ಮಾಡಿದ ಮೇಲೆ. ಗಡಸು ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು, ಒಂದು ದಿನ ಒಣಗಿಸಿ ಒಂದು ದಿನ ಮುಳುಗಿಸಿದರೆ ಅದು ಕಾಯಿವರೆಗೆ ತಲುಪುವುದಿಲ್ಲ. ಆ ಪುಡಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು.

ಮೂರನೇ ವರ್ಷ ಸರಿಯಾಗಿ ಹೋಲಿಸಿ ನೋಡಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯ ಟೊಮೆಟೊ ಸಸಿ ಆರು. ಮೂರಕ್ಕೆ ಸಾವಯವ ಮಾತ್ರ, ಮೂರಕ್ಕೆ ಅದೇ ಮಣ್ಣಿನ ಜೊತೆ ಹೂ ಬಿಟ್ಟ ಮೇಲೆ ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ ಪುಡಿ. ಮೊದಲನೆಯದರಲ್ಲಿ ಒಟ್ಟು ನಾಲ್ಕೂವರೆ ಕೆಜಿ, ಎರಡನೆಯದರಲ್ಲಿ 7 ಕೆಜಿ. ರುಚಿ? ಎರಡೂ ಬಟ್ಟಲು ಅಮ್ಮನ ಮುಂದಿಟ್ಟೆ, ಯಾವುದು ಯಾವುದು ಅಂತ ಹೇಳಲಾಗಲಿಲ್ಲ. ಸಾರಿನಲ್ಲಂತೂ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅಲ್ಲಿಂದ ಇದನ್ನೇ ಮುಂದುವರಿಸಿದ್ದೇನೆ. ಮಣ್ಣಿಗೆ ಎರೆಗೊಬ್ಬರ, ಹಿಂಡಿ. ಕಾಯಿ ಬಿಡುವ ಗಿಡಕ್ಕೆ ಮಾತ್ರ ಆ 1 ಗ್ರಾಂ, ತೂಕ ಮಾಡಿ, ಅಂದಾಜಿನ ಚಮಚದಲ್ಲಿ ಅಲ್ಲ. ಎರೆಗೊಬ್ಬರ ಬಿಡುವುದಿಲ್ಲ, ಯಾಕಂದ್ರೆ ಬರೀ ಪುಡಿಯಲ್ಲಿ ಬೆಳೆದ ಬ್ಯಾಗಿನ ಮಣ್ಣು ವರ್ಷದ ಕೊನೆಗೆ ಇಟ್ಟಿಗೆಯ ಹಾಗೆ ಆಗಿತ್ತು, ಎರೆಗೊಬ್ಬರ ಇರುವುದು ಈಗಲೂ ಕೈಯಲ್ಲಿ ಉದುರುತ್ತದೆ.

ಸಾವಯವ ಅಂತ ಬಾಟಲಿಯಲ್ಲಿ ಮಾರುವ ದ್ರವಗಳನ್ನು ದಯವಿಟ್ಟು ಲೇಬಲ್ ಓದದೆ ತರಬೇಡಿ. ನಾನು 600 ರೂಪಾಯಿ ಕೊಟ್ಟು ತಂದ ಒಂದರಲ್ಲಿ ಸಾರಜನಕ ಎಷ್ಟಿದೆ ಅಂತ ಎಲ್ಲೂ ಬರೆದಿರಲಿಲ್ಲ. ಆ ದುಡ್ಡಿಗೆ ಎಷ್ಟು ಹಿಂಡಿ ಬರುತ್ತಿತ್ತು.

ಮಳೆ ಹಿಡಿದ ಮೇಲೆ ಪುಡಿ ನಿಲ್ಲಿಸುತ್ತೇನೆ. ಹಾಕಿದ್ದೆಲ್ಲ ತೂತಿನಿಂದ ಇಳಿದು ಟೆರೇಸ್ ಮೇಲೆ ಹರಿದುಹೋಗುತ್ತದೆ. ಆಗ ಗಿಡಕ್ಕೊಂದು ಹಿಡಿ ಹೊಂಗೆ ಹಿಂಡಿ ಹಾಕಿ, ಮೇಲೆ ಎರಡು ಬೆರಳಷ್ಟು ಒಣ ಎಲೆ ಮುಚ್ಚುತ್ತೇನೆ.